‘ಬಾಟ್ ಔಟ್’, ‘ಟ್ರೇಡಿಂಗ್’: ಕೊಂಡ ಮಾಲಿಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಚಾರಕ್ಕೆ ನಿಮ್ಮ ಸಹಾಯ ಬೇಕು.

ನಾನು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಕೊಳವೆಬಾವಿ ಮೋಟರಿನ ಸ್ಟಾರ್ಟರ್ ಪ್ಯಾನೆಲ್ ನಮ್ಮ ಕಸುಬು. ತಗಡು ಕತ್ತರಿಸಿ, ಬಗ್ಗಿಸಿ ಡಬ್ಬ ಮಾಡುವುದು ನಾವು. ಒಳಗೆ ಕೂರುವ ಕಾಂಟ್ಯಾಕ್ಟರ್, ರಿಲೇ, ವೋಲ್ಟ್ ಮೀಟರ್, ನಟ್ಟು ಬೋಲ್ಟು ಎಲ್ಲ ಹೊರಗಿನಿಂದ ಬರುತ್ತವೆ. ಇವಕ್ಕೆ ಕಾರ್ಖಾನೆ ಮಾತಿನಲ್ಲಿ ‘ಬಾಟ್ ಔಟ್’ ಐಟಂ ಅನ್ನುತ್ತಾರೆ. ನಮ್ಮ ಸ್ಟೋರಿನ ರ‍್ಯಾಕಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ಬಟೋಟು’ ಅಂತ ಬರೆದಿದ್ದಾರೆ. ಹೊಸ ಹುಡುಗರು ಅದನ್ನು ಅಪ್ಪಟ ಕನ್ನಡ ಪದ ಅಂತಲೇ ತಿಳಿದಿದ್ದಾರೆ. ನನಗೇನೂ ಬೇಜಾರಿಲ್ಲ, ಮಾರ್ಕೆಟ್ ಅನ್ನುವುದೇ ನಮ್ಮ ‘ಕಟ್ಟೆ’ ಹತ್ತಿ ಮಾರುಕಟ್ಟೆ ಆಯಿತು ಅನ್ನುವವರೂ ಇದ್ದಾರಲ್ಲ.

ಇದರ ಜೊತೆಗೆ ಇನ್ನೊಂದು ಇದೆ. ಪ್ಯಾನೆಲ್ ಕೊಳ್ಳುವವರು ಮೋಟರ್ ಕೇಬಲ್ಲನ್ನೂ ನೀವೇ ಕೊಡಿ ಅನ್ನುತ್ತಾರೆ. ಅದಕ್ಕೆ ಕೇಬಲ್ ಸುರುಳಿ ತರಿಸಿ ಇಡುತ್ತೇವೆ. ಕಟ್ಟು ಬಿಚ್ಚದೆ ಬಂದ ಹಾಗೇ ಮಾರುತ್ತೇವೆ. ಇದು ‘ಟ್ರೇಡಿಂಗ್’ ಐಟಂ.

ಈಗ ತೊಂದರೆ ಏನು ಅಂದರೆ, ನಮಗೆ ಐಎಸ್‌ಒ 9001 ಸರ್ಟಿಫಿಕೇಟ್ ಇದೆ (ಗುಣಮಟ್ಟ ಕಾಯುವ ವ್ಯವಸ್ಥೆ ಹೇಗಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡ ಅದು). ಹೋದ ಸಲ ಆಡಿಟರ್ ಸ್ಟೋರಿಗೆ ಬಂದಾಗ ಕಾಂಟ್ಯಾಕ್ಟರ್ ತಪಾಸಣೆಯ ಪುಸ್ತಕ ತೋರಿಸಿದೆವು. ‘ಕೇಬಲ್ದು ಎಲ್ಲಿ?’ ಅಂದರು. ಸ್ಟೋರ್ ಕೀಪರ್ ಸಲೀಸಾಗಿ, ‘ಅದು ನಮ್ ಮಾಲಲ್ಲ ಸಾರ್, ಬಂದಂಗೆ ಹೋಯ್ತದೆ’ ಅಂದುಬಿಟ್ಟ. ಎನ್‌ಸಿ ಬಿತ್ತು, ಅಂದರೆ ಮಾನದಂಡದ ಪ್ರಕಾರ ನಡೆದಿಲ್ಲ ಅಂತ ಆಡಿಟರ್ ಬರೆದರು. (ಎನ್‌ಸಿಗೂ ‘ಅನನುಸರಣೆ’ ಅಂತ ಒಂದು ಪದ ಇದೆಯಂತೆ. ಅದನ್ನು ಹೇಳಲು ನಾಲಿಗೆಗೆ ಬೇರೆ ತರಬೇತಿ ಬೇಕು.)

ಕೆಲಸದ ವಿಧಾನ ಇಂಗ್ಲಿಷಿನಲ್ಲಿ ಮಾತ್ರ ಇರುವುದೇ ತಪ್ಪಿಗೆ ಕಾರಣ ಅಂತ ನಾವೇ ಬರೆದುಕೊಟ್ಟೆವು. ಹಾಗಾಗಿ ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು.

ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಈ ವಿಷಯ 8.4ನೇ ಕಲಮಿನಲ್ಲಿದೆ. ನನ್ನ ಮೊದಲ ಕರಡಿನಲ್ಲಿ ಅದರ ತಲೆಬರಹ ‘ಬಾಹ್ಯವಾಗಿ ಒದಗಿಸಲಾದ ಪ್ರಕ್ರಿಯೆ, ಉತ್ಪನ್ನ ಮತ್ತು ಸೇವೆಗಳ ನಿಯಂತ್ರಣ’ ಅಂತಿತ್ತು. ಸ್ಟೋರಿನಲ್ಲಿ ಓದಿ ಹೇಳಿದೆ. ಯಾರೂ ನಗಲಿಲ್ಲ, ಅದೇ ದುಃಖ. ಸುಮ್ನೆ ತಲೆ ಆಡಿಸಿದರು. ಆಮೇಲೆ ‘ಹೊರಗಿಂದ ಬಂದಿದ್ದರ ಮೇಲೆ ನಮ್ಮ ಹತೋಟಿ’ ಅಂತ ತಿದ್ದಿದೆ. ಆಗ ಒಬ್ಬ, ‘ಪೌಡರ್ ಕೋಟಿಂಗಿಗೆ ಹೊರಗೆ ಕಳಿಸ್ತೀವಲ್ಲ, ಅದೂ ಬರ್ತದಾ?’ ಅಂದ. ಬರುತ್ತದೆ. ಆ ಕಲಮು ಮೂರು ಸಂದರ್ಭ ಹೇಳುತ್ತದೆ. ಕೊಂಡದ್ದು ನಮ್ಮ ಉತ್ಪನ್ನದ ಒಳಗೆ ಸೇರುವುದು ಒಂದು. ನಮ್ಮ ಪರವಾಗಿ ಹೊರಗಿನವರೇ ನೇರವಾಗಿ ಗಿರಾಕಿಗೆ ಕೊಡುವುದು ಇನ್ನೊಂದು. ನಮ್ಮ ಕೆಲಸದ ಒಂದು ಭಾಗವನ್ನೇ ಹೊರಗೆ ಮಾಡಿಸುವುದು ಮೂರನೆಯದು. ಕೊಂಡು ಹಾಗೇ ಮಾರುವುದಕ್ಕೆ ಅಲ್ಲಿ ಬೇರೆ ಹೆಸರಿಲ್ಲ, ಬೇರೆ ರಿಯಾಯಿತಿಯೂ ಇಲ್ಲ. ಯಾರ ಹತ್ತಿರ ಕೊಳ್ಳುತ್ತೀರಿ, ಅವರನ್ನು ಹೇಗೆ ಆರಿಸಿದಿರಿ, ಮಾಲು ಸರಿ ಇದೆ ಅಂತ ಹೇಗೆ ನೋಡಿದಿರಿ, ಈ ಪ್ರಶ್ನೆಗಳು ಎಲ್ಲಕ್ಕೂ ಒಂದೇ. ಹಾಗಂತ ಪ್ರತಿ ಸುರುಳಿ ಬಿಚ್ಚಿ ಅಳೆಯಿರಿ ಅಂತಲೂ ಅದು ಹೇಳುವುದಿಲ್ಲ. ಮಾಲು ಕೆಟ್ಟರೆ ಗಿರಾಕಿಗೆ ಎಷ್ಟು ಪೆಟ್ಟು ಬೀಳುತ್ತದೆ ಅಂತ ನೋಡಿಕೊಂಡು ತಪಾಸಣೆ ಎಷ್ಟು ಬೇಕು ಅಂತ ನಾವೇ ತೀರ್ಮಾನ ಮಾಡಬೇಕು.

ಪೆಟ್ಟು ಎಷ್ಟು ಅಂತ ನಮಗೆ ಗೊತ್ತಾಗಿದ್ದು ಕೊರಟಗೆರೆ ಕಡೆಯ ಒಬ್ಬ ರೈತರಿಂದ. ಸುರುಳಿಯ ಚೀಟಿಯಲ್ಲಿ 100 ಮೀಟರ್ ಅಂತಿತ್ತು. ಪಂಪು ಇಳಿಸುವಾಗ ಆರು ಮೀಟರ್ ಕಡಿಮೆ ಬಂತು. ಪೈಪು ಅರ್ಧಕ್ಕೆ ನಿಂತು, ಕ್ರೇನಿನವನು ಕಾದು ಕೂತ. ಮಾರನೇ ದಿನ ಅವರು ನಮ್ಮ ಬಾಗಿಲಿಗೆ ಬಂದರು. ಕೇಬಲ್ ಕಂಪನಿಯವರನ್ನು ಕೇಳಬೇಕು ಅಂದಿದ್ದಕ್ಕೆ, ‘ನಾನ್ ಕಾಸ್ ಕೊಟ್ಟಿದ್ದು ನಿಮ್ಗೆ ಸ್ವಾಮಿ, ಆ ಕಂಪ್ನಿಯೋನ್ನ ನಾನೇನ್ ಕಂಡಿದೀನಾ?’ ಅಂದರು. 8.4ನೇ ಕಲಮಿಗೆ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ. ನಾವು ಮಾಡಿದ್ದು ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ ಹಾಗೇ ಆಗಿತ್ತು.

ಹಾಗಾಗಿ ನನಗೆ ಬೇಕಾದ ಪದ ಬರೀ ವಿಂಗಡಣೆ ಮಾಡಿದರೆ ಸಾಲದು. ಗೇಟಿನ ಒಳಗೆ ಬಂದ ಮೇಲೆ ಅದು ನಮ್ಮದೇ ಅನ್ನುವುದು ಅದರಲ್ಲಿ ಕೇಳಿಸಬೇಕು. ‘ಟ್ರೇಡಿಂಗ್’ ಅನ್ನುವುದರಲ್ಲಿ ಅದು ಕೇಳಿಸುವುದಿಲ್ಲ. ‘ಬಂದಂಗೆ ಹೋಯ್ತದೆ’ ಅನ್ನುವುದೇ ಕೇಳಿಸುತ್ತದೆ.

ಪತ್ರಿಕೆಯವರ ‘ಮರುಮಾರಾಟ’ ನೋಡಿದೆ. ನನಗೆ ಅದು ಹಿಡಿಸಲಿಲ್ಲ. ಮರುಮಾರಾಟ ಅಂದ ಕೂಡಲೇ ಹಳೇ ಕಾರು, ಹಳೇ ಸೈಟು ನೆನಪಾಗುತ್ತದೆ. ಹೊಸ ಕೇಬಲ್ಲಿಗೆ ಸೆಕೆಂಡ್ ಹ್ಯಾಂಡ್ ವಾಸನೆ ಯಾಕೆ ಹಚ್ಚಬೇಕು? ‘ಮಾರುಸರಕು’ ಅಂತ ಬರೆದು ನೋಡಿದೆ, ಚೆನ್ನಾಗಿದೆ ಅನಿಸಿತು. ಸ್ಟೋರ್ ಕೀಪರ್ ಓದಿ, ‘ಮಾರು ಲೆಕ್ಕದಾಗೆ ಕೊಡೋದಾ ಸಾರ್?’ ಅಂತ ಎರಡೂ ಕೈ ಅಗಲಿಸಿ ತೋರಿಸಿದ! ಹಗ್ಗವನ್ನೂ ಬಾವಿಯ ಆಳವನ್ನೂ ಮಾರಿನಲ್ಲಿ ಅಳೆದ ಊರು ನಮ್ಮದು, ಅವನ ತಪ್ಪಲ್ಲ. ಮಾರುವೇಷ, ಮಾರುತ್ತರದ ‘ಮಾರು’ ಬೇರೆ ಇದೆ. ಆ ಲೆಕ್ಕದಲ್ಲಿ ಮಾರುಸರಕು ಅಂದರೆ ಬದಲಿ ಸರಕು ಅಂತಲೂ ಆಗಿಬಿಡುತ್ತದೆ.

ಸದ್ಯಕ್ಕೆ ಇಟ್ಟುಕೊಂಡಿರುವುದು ಹೀಗೆ: ಪ್ಯಾನೆಲ್ಲಿನ ಒಳಗೆ ಸೇರುವುದು ‘ಕೊಂಡು ಕೂಡಿಸುವ ಮಾಲು’, ಹಾಗೇ ಹೋಗುವುದು ‘ಕೊಂಡು ಮಾರುವ ಮಾಲು’. ಎರಡರಲ್ಲೂ ಮೊದಲು ‘ಕೊಂಡು’ ಇದೆ. ಕೊಂಡವರು ಯಾರು? ನಾವು. ಅದು ನನಗೆ ಇಷ್ಟ. ಆದರೆ ಉದ್ದ ಜಾಸ್ತಿ. ಸರಕು ಹಳೆಯ ಕನ್ನಡ ಪದ, ಮಾಲು ಅರಬ್ಬಿಯಿಂದ ಬಂದದ್ದು ಅಂತ ಗೊತ್ತು. ಆದರೂ ಎಪಿಎಂಸಿ ಯಾರ್ಡಿನಿಂದ ನಮ್ಮ ಸ್ಟೋರಿನವರೆಗೆ ಎಲ್ಲರ ಬಾಯಲ್ಲೂ ಇರುವುದು ಮಾಲೇ.

ಇನ್ನೊಂದು ತೊಡಕು ‘ಸಪ್ಲೈಯರ್’ ಪದದ್ದು. ಐಎಸ್‌ಒ 9001ರ 1994ರ ಆವೃತ್ತಿಯಲ್ಲಿ ಸಪ್ಲೈಯರ್ ಅಂದರೆ ಸರ್ಟಿಫಿಕೇಟ್ ಪಡೆಯುವ ಸಂಸ್ಥೆಯೇ, ಅಂದರೆ ನಾವು. ನಮಗೆ ಮಾಲು ಕೊಡುವವರು ಸಬ್ ಕಾಂಟ್ರಾಕ್ಟರ್. 2000ದಲ್ಲಿ ಪದ ಜರುಗಿತು: ನಾವು ಆರ್ಗನೈಸೇಶನ್, ಮಾಲು ಕೊಡುವವರು ಸಪ್ಲೈಯರ್. 2015ಕ್ಕೆ ಅವರು ಎಕ್ಸ್‌ಟರ್ನಲ್ ಪ್ರೊವೈಡರ್ ಆದರು. ನಮ್ಮ ಹಳೇ ಕಡತದಲ್ಲಿ ಮೂರೂ ಕಲಸಿಹೋಗಿವೆ. ಸ್ಟೋರಿನಲ್ಲಿ ಮಾತ್ರ ಅವತ್ತಿಂದ ಇವತ್ತಿನವರೆಗೂ ಒಂದೇ ಮಾತು, ‘ಪಾರ್ಟಿ’. ‘ಪಾರ್ಟಿ ಕಡೆಯಿಂದ ಮಾಲು ಬಂದಿಲ್ಲ’ ಅನ್ನುತ್ತಾರೆ. ಗಿರಾಕಿಯೂ ಪಾರ್ಟಿಯೇ ಆದ್ದರಿಂದ ಅದನ್ನು ಬರೆಯುವಂತಿಲ್ಲ. ‘ಪೂರೈಕೆದಾರ’ ಹಾಕಿದ್ದೇನೆ. ‘ಮಾಲು ಕೊಡುವವರು’ ಅಂದರೆ ಸಾಕಾ?

ಕೊನೆಯದಾಗಿ, ‘ಪ್ರಮಾಣೀಕರಣ’. ನಮ್ಮ ಕಡೆ ಪ್ರಮಾಣ ಅಂದರೆ ದೇವರ ಮುಂದೆ ಮಾಡುವ ಆಣೆ. ‘ಪ್ರಮಾಣೀಕೃತ ಮಾಲು’ ಅಂತ ಬರೆದರೆ ಇನ್ನೂ ದೊಡ್ಡ ಎಡವಟ್ಟು. ಐಎಸ್‌ಒ 9001 ಕೊಡುವುದು ಕೆಲಸ ನಡೆಸುವ ವ್ಯವಸ್ಥೆಗೆ, ಮಾಲಿಗಲ್ಲ. ಕೇಬಲ್ಲಿನ ಮೇಲೆ ಇರುವ ಐಎಸ್‌ಐ ಗುರುತು ಬೇರೆ. ಅದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೈಸೆನ್ಸಿನ ಮೇಲೆ ಆ ಮಾಲಿಗೇ ಹಾಕುವುದು. ಪಾರ್ಟಿ ಹತ್ತಿರ ಐಎಸ್‌ಒ ಇದೆ, ಆದ್ದರಿಂದ ಕೇಬಲ್ ನೋಡುವುದೇ ಬೇಡ ಅಂತ ನಮ್ಮಲ್ಲೂ ಒಂದು ಕಾಲದಲ್ಲಿ ನಡೆಯುತ್ತಿತ್ತು. ಈ ಎರಡಕ್ಕೂ ‘ಪ್ರಮಾಣಪತ್ರ’ ಅಂದರೆ ಆ ಗೊಂದಲ ಹಾಗೇ ಉಳಿಯುತ್ತದೆ. ವ್ಯವಸ್ಥೆಯದಕ್ಕೆ ‘ಸರ್ಟಿಫಿಕೇಟ್’, ಮಾಲಿನದಕ್ಕೆ ‘ಮಾರ್ಕು’ ಅಂತ ಬಿಟ್ಟುಬಿಡೋಣ ಅಂತಿದ್ದೇನೆ. ಶುದ್ಧ ಕನ್ನಡದವರು ಬೈಯಬಹುದು, ಬೈಯಲಿ.

ನಿಮ್ಮ ಕಡೆ ಅಂಗಡಿ, ಮಂಡಿ, ಕಾರ್ಖಾನೆಗಳಲ್ಲಿ ಕೊಂಡು ಹಾಗೇ ಮಾರುವ ಮಾಲಿಗೆ ಬೇರೆ ಪದ ಕೇಳಿದ್ದೀರಾ? ತಿಪಟೂರಿನ ಕೊಬ್ಬರಿ ವ್ಯಾಪಾರ ಬಲ್ಲವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಎರಡು ಪದಕ್ಕಿಂತ ಉದ್ದ ಬೇಡ. ರ‍್ಯಾಕಿನ ಮೇಲೆ ಬರೆಯಲು ಒಪ್ಪಿರುವ ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದಾನೆ, ಒತ್ತಕ್ಷರಕ್ಕೆ ಬೇರೆ ರೇಟಂತೆ.