ಟೋನಿ ಮಾರ್ಟಿನ್ ದೊಡ್ಡವನಾ, ಕ್ಯಾನ್ಸೆಲಾರಾನಾ? ಇವತ್ತು ತೀರ್ಮಾನ ಆಗಿಬಿಡಲಿ

ಗಾಳಿಗೆದುರು:
ಭಾನುವಾರ ಸೈಕಲ್ ರೈಡ್ ಮುಗಿಸಿ ಇಡ್ಲಿ ತಿನ್ನುವಾಗ ಈ ಮಾತು ಬಂತು, ಜಗಳ ಅರ್ಧಕ್ಕೆ ನಿಂತಿತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಸೈಕಲ್ ರೇಸ್‌ನ ಟೈಮ್ ಟ್ರಯಲ್ ಅಂತ ಬಂದರೆ ಜರ್ಮನಿಯ ಟೋನಿ ಮಾರ್ಟಿನ್‌ಗಿಂತ ಮೇಲೆ ಯಾರೂ ಇಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ರಸ್ತೆಗೆ ಬಿಡುತ್ತಾರೆ. ಮುಂದೆ ಯಾರ ಬೆನ್ನಿನ ಮರೆಯೂ ಇರಲ್ಲ, ಗಾಳಿಯನ್ನು ನೀವೇ ಸೀಳಬೇಕು, ಕಮ್ಮಿ ಸಮಯದಲ್ಲಿ ಮುಗಿಸಿದವನು ಗೆದ್ದ. ಮಾರ್ಟಿನ್ 2011, 2012, 2013, 2016ರಲ್ಲಿ ವಿಶ್ವ ಚಾಂಪಿಯನ್. 2011ರಲ್ಲಿ ಕೋಪನ್‌ಹೇಗನ್‌ನಲ್ಲಿ ಎರಡನೆಯವನಾದ ಬ್ರಿಟನ್ನಿನ ವಿಗಿನ್ಸ್‌ಗಿಂತ 1 ನಿಮಿಷ 15 ಸೆಕೆಂಡ್ ಮುಂದೆ ಇದ್ದ. 2013ರ ಟೂರ್‌ನಲ್ಲಿ (ಟೂರ್ ಡಿ ಫ್ರಾನ್ಸ್, ಮೂರು ವಾರದ ರೇಸ್) ಮೊಂ ಸೇಂ ಮಿಶೆಲ್ ತನಕ 33 ಕಿಮೀ, ಸರಾಸರಿ ಗಂಟೆಗೆ 54 ಕಿಮೀ ದಾಟಿತ್ತು. ಅದೂ ಮೊದಲ ದಿನವೇ ಬಿದ್ದು ಮೈಯೆಲ್ಲ ಸುಲಿದುಕೊಂಡ ಮೇಲೆ. ಒಪ್ಪದವರು ಬನ್ನಿ.

ಸ್ವಿಸ್‌ಗಡಿಯಾರ:
"ಮೇಲೆ ಯಾರೂ ಇಲ್ಲ" ಅಂತೆ. ಗುರು, ಸ್ವಿಟ್ಜರ್ಲೆಂಡ್‌ನ ಕ್ಯಾನ್ಸೆಲಾರಾಗೂ ವಿಶ್ವ ಪ್ರಶಸ್ತಿ ನಾಲ್ಕು ಇವೆ. 2006, 2007, 2009, 2010. ಅದರ ಮೇಲೆ ಒಲಿಂಪಿಕ್ ಚಿನ್ನ ಎರಡು, 2008ರಲ್ಲಿ ಬೀಜಿಂಗ್, 2016ರಲ್ಲಿ ರಿಯೊ. ಎಂಟು ವರ್ಷದ ಅಂತರದಲ್ಲಿ ಎರಡು ಚಿನ್ನ, ಎರಡನೆಯದು ಬಂದಾಗ ವಯಸ್ಸು 35. ನಿಮ್ಮವನ ಒಲಿಂಪಿಕ್ ಲೆಕ್ಕ ಏನು? 2012ರ ಲಂಡನ್‌ನ ಒಂದು ಬೆಳ್ಳಿ. ಮುಗೀತು.

ಗಾಳಿಗೆದುರು:
"ಒಂದು ಬೆಳ್ಳಿ" ಅಂತ ಎಷ್ಟು ಸುಲಭವಾಗಿ ಬರೆದುಬಿಟ್ಟೆ. ಆ ವರ್ಷ ಏಪ್ರಿಲ್‌ನಲ್ಲಿ ಅಭ್ಯಾಸ ಮಾಡುವಾಗ ಕಾರು ಗುದ್ದಿ ದವಡೆ ಮುರಿದಿತ್ತು. ಜುಲೈನಲ್ಲಿ ಟೂರ್‌ನಲ್ಲಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಟೈಮ್ ಟ್ರಯಲ್‌ನಲ್ಲಿ ಮುಂಗೈ ಊರಿ ಹ್ಯಾಂಡಲ್ ಹಿಡಿದು ಬಗ್ಗಿ ಕೂರಬೇಕು, ಆ ಕೈಯಲ್ಲೇ ಬೆಳ್ಳಿ ತಂದ. ಕೊನೆಗೆ ಅದೇ ಪದಕವನ್ನು ಮಕ್ಕಳ ಚಿಕಿತ್ಸೆಗೆ ಅಂತ ಹರಾಜಿಗೂ ಇಟ್ಟ.

ಸ್ವಿಸ್‌ಗಡಿಯಾರ:
ಮೂಳೆ ಲೆಕ್ಕ ಬೇಡ ಮಾರಾಯ. ಲಂಡನ್‌ನಲ್ಲಿ ಕ್ಯಾನ್ಸೆಲಾರಾನೂ ನಾಲ್ಕು ದಿನ ಮುಂಚೆ ರೋಡ್ ರೇಸ್‌ನಲ್ಲಿ ತಡೆಗೋಡೆಗೆ ಹೊಡೆದುಕೊಂಡು ಬಿದ್ದಿದ್ದ, ಆ ಭುಜ ಇಟ್ಟುಕೊಂಡೇ ಟೈಮ್ ಟ್ರಯಲ್ ಮಾಡಿ ಏಳನೆಯವನಾದ. ಅವನ ಅಭಿಮಾನಿಗಳು ಅದನ್ನು ಹಿಡಿದುಕೊಂಡು ಅಳುತ್ತಿಲ್ಲ, ಅಲ್ವಾ?

ಸುಮ್ನೆ_ಓದೋಳು:
"ಅಳುತ್ತಿಲ್ಲ" ಅಂತ ಹೇಳಿಕೊಂಡೇ ಭುಜದ ಕಥೆ ಪೂರ್ತಿ ಬಂತಲ್ಲ 😄

ಲೆಕ್ಕದಮೇಷ್ಟ್ರು:
ಇಬ್ಬರೂ ಬೇಕಾದ್ದನ್ನು ಮಾತ್ರ ಆಯ್ದುಕೊಂಡು ಹೇಳುತ್ತಿದ್ದೀರಿ. ಇಬ್ಬರೂ ಚೆನ್ನಾಗಿದ್ದ ದಿನ ಎದುರುಬದುರು ಆದ ರೇಸ್ ನೋಡಿ. 2013, ಫ್ಲಾರೆನ್ಸ್, ಸುಮಾರು 58 ಕಿಮೀ. ಮಾರ್ಟಿನ್ ಮೊದಲು, ವಿಗಿನ್ಸ್ 46 ಸೆಕೆಂಡ್ ಹಿಂದೆ, ಕ್ಯಾನ್ಸೆಲಾರಾ 48 ಸೆಕೆಂಡ್ ಹಿಂದೆ. ಇನ್ನೇನು ಬೇಕು?

ಸ್ವಿಸ್‌ಗಡಿಯಾರ:
ಮೇಷ್ಟ್ರೇ, "ಎದುರುಬದುರು" ಅಂದಿರಿ, ಒಳ್ಳೆಯದಾಯಿತು. ಫ್ಲಾರೆನ್ಸ್‌ಗೆ ಮೂರೇ ವಾರ ಮುಂಚೆ ವುಯೆಲ್ಟಾದಲ್ಲಿ (ಸ್ಪೇನ್‌ನ ಮೂರು ವಾರದ ರೇಸ್), ತಾರಾಸೋನಾದ ಟೈಮ್ ಟ್ರಯಲ್‌ನಲ್ಲಿ ಗೆದ್ದವನು ಯಾರು? ಕ್ಯಾನ್ಸೆಲಾರಾ. ಎರಡನೆಯವನು? ನಿಮ್ಮ ಮಾರ್ಟಿನ್, 37 ಸೆಕೆಂಡ್ ಹಿಂದೆ. ಅದೇ ವುಯೆಲ್ಟಾದಲ್ಲಿ ಕಾಸೆರೆಸ್‌ನಲ್ಲಿ ಏನಾಯಿತು ಅಂತಲೂ ಹೇಳಿ. ಗೆರೆ ಮುಟ್ಟುವ ಮುಂಚೆ ಮಾರ್ಟಿನ್‌ನನ್ನು ದಾಟಿ ಹೋದವರಲ್ಲಿ ಕ್ಯಾನ್ಸೆಲಾರಾನೂ ಇದ್ದ.

ಗಾಳಿಗೆದುರು:
ಕಾಸೆರೆಸ್ ಹೆಸರು ನೀನು ಎತ್ತುತ್ತೀಯಾ! ನಾಚಿಕೆ ಆಗಬೇಕು. 2013 ಆಗಸ್ಟ್ 29. ಗೀಹುಯೆಲೊದಿಂದ ಕಾಸೆರೆಸ್, 175 ಕಿಮೀ. ಶುರುವಿನಿಂದಲೇ ಒಬ್ಬನೇ ಹೊರಟ. ಒಬ್ಬನೇ! ಹಿಂದೆ ಇಡೀ ಪೆಲೊಟಾನ್, ಅಂದರೆ ಸವಾರರ ದೊಡ್ಡ ಗುಂಪು. ಗೆರೆಗೆ 20 ಮೀಟರ್ ಇದ್ದಾಗ ಸಿಕ್ಕಿಬಿದ್ದ. ಇದು ಸೋಲಾ? ನಾನು ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಈ ಸಲ ಮುಟ್ಟುತ್ತಾನೆ ಅನ್ನಿಸುತ್ತೆ.

ಲೆಕ್ಕದಮೇಷ್ಟ್ರು:
20 ಮೀಟರ್ ಅಂದರೆ ಎಷ್ಟು ಅಂತ ಯೋಚಿಸಿ. ಕೊನೆಯ ಓಟದಲ್ಲಿ ಹಿಂದಿನವರು ಗಂಟೆಗೆ 60 ಕಿಮೀ ಬರುತ್ತಿದ್ದರು ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಂದರೆ ಒಂದು ಸೆಕೆಂಡಿನ ಮೇಲೆ ಚೂರು. 175 ಕಿಮೀ ಓಡಿ ಒಂದು ಸೆಕೆಂಡ್ ಕಮ್ಮಿ ಬಿತ್ತು.

ಸ್ವಿಸ್‌ಗಡಿಯಾರ:
"ಒಂದು ಸೆಕೆಂಡ್" ಅಲ್ಲ ಮೇಷ್ಟ್ರೇ, ಏಳನೇ ಸ್ಥಾನ. ಗೆದ್ದವನು ಮೈಕಲ್ ಮೊರ್ಕೊವ್, ಎರಡನೆಯವನು ರಿಕೆಸೆ, ಮೂರನೆಯವನು ಕ್ಯಾನ್ಸೆಲಾರಾ. ಫಲಿತಾಂಶದ ಹಾಳೆಯಲ್ಲಿ "ಪಾಪ" ಅಂತ ಒಂದು ಕಾಲಂ ಇರಲ್ಲ.

ಗಾಳಿಗೆದುರು:
ಹಾಳೆ ಓದಿಕೊಂಡು ಕೂತಿರು ಹಾಗಾದರೆ. ಆ ದಿನ ಗೆದ್ದವನ ಹೆಸರು ನೂರಕ್ಕೆ ತೊಂಬತ್ತು ಜನಕ್ಕೆ ನೆನಪಿಲ್ಲ, ಸಿಕ್ಕಿಬಿದ್ದವನ ಹೆಸರು ಎಲ್ಲರಿಗೂ ಗೊತ್ತು.

ವಿಜಯಪುರ_ವೆಲೊ:
ಒಂದು ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. "ಒಬ್ಬನೇ" ಅಂತ ದೊಡ್ಡದಾಗಿ ಬರೆದೀರಿ. ಅವನು ಹೋದಾಗ ಹಿಂದಿನವರು ಬೇಕಂತಲೇ ಬಿಟ್ಟುಕೊಟ್ಟಿದ್ದರು, ನಿಮಿಷಗಟ್ಟಲೆ. ಒಬ್ಬ ಮನುಷ್ಯ ಎಲ್ಲಿ ಹೋಗ್ತಾನ, ಸಂಜೆ ಹಿಡಿದರಾಯಿತು ಅಂತ. ಅದು ರೋಡ್ ರೇಸ್. ಟೈಮ್ ಟ್ರಯಲ್ ಕುರಿತು ಅದರಿಂದ ಏನೂ ಸಾಬೀತು ಆಗಲ್ಲ.

ಗಾಳಿಗೆದುರು:
"ಬಿಟ್ಟುಕೊಟ್ಟಿದ್ದರು"? ಬಿಟ್ಟುಕೊಟ್ಟವರು ಕೊನೆಯ 20 ಕಿಮೀ ಯಾಕೆ ನಾಲಿಗೆ ಹೊರಗೆ ಹಾಕಿಕೊಂಡು ಬೆನ್ನಟ್ಟಿದರು? ತಂಡ ತಂಡಗಳೇ ಸೇರಿ ಎಳೆದರೂ ಕೈಗೆ ಸಿಗುತ್ತಿರಲಿಲ್ಲ. ನೀವು ಸೈಕಲ್ ತುಳಿದಿದ್ದೀರಾ ಸರ್, ಇಲ್ಲಾ ಮೊಬೈಲಿನಲ್ಲಿ ನೋಡುವವರಾ?

ವಿಜಯಪುರ_ವೆಲೊ:
ತುಳಿದೀನ್ರಿ. ನಮ್ಮ ಕಡೆ ಹುಡುಗರು ಹೈವೇದಾಗ ಬೆಳಗಿನ ಐದಕ್ಕ ಗಾಳಿ ಎದ್ದೇಳುವ ಮೊದಲೇ ತುಳಿಯೋದು ಇವತ್ತಿನ ಮಾತಲ್ಲ. ನನ್ನ ಮೊದಲ ಟೈಮ್ ಟ್ರಯಲ್ 17ನೇ ವಯಸ್ಸಿನಲ್ಲಿ. ಬೆನ್ನಿಗೆ ನಂಬರ್ ಚುಚ್ಚಲು ಪಿನ್ ಸಿಗಲಿಲ್ಲ, ಹುಡುಕುತ್ತಾ ಇದ್ದೆ. ಅಲ್ಲಿ ನನ್ನ ಹೆಸರು ಕರೆದು, ಐದು ಬೆರಳು ಒಂದೊಂದೇ ಮಡಚಿ, ಯಾರೂ ಇಲ್ಲದ ಗೆರೆಗೆ "ಹೋಗು" ಅಂದುಬಿಟ್ಟರು. ನಾನು ಓಡಿಬಂದು ಸೈಕಲ್ ಹತ್ತುವಾಗ 40 ಸೆಕೆಂಡ್ ಹೋಗಿತ್ತು. ಗಡಿಯಾರ ನಿಲ್ಲಿಸೋದಿಲ್ಲ. ಮೂರನೆಯವನಿಗಿಂತ 22 ಸೆಕೆಂಡ್ ಹಿಂದೆ ಬಂದೆ. ಲೆಕ್ಕ ನೀವೇ ಮಾಡ್ರಿ. ಆದರೂ ನಾನು ಮೂರನೆಯವನು ಅಂತ ಎಲ್ಲೂ ಹೇಳಿಕೊಂಡಿಲ್ಲ.

ಸ್ವಿಸ್‌ಗಡಿಯಾರ:
👏👏 ಕೊನೆಯ ಸಾಲನ್ನು ಫ್ರೇಮ್ ಹಾಕಿಸಿ ಗಾಳಿಗೆದುರು ಅವರ ಮನೆಗೆ ಕಳಿಸಿ.

ಗಾಳಿಗೆದುರು:
ಪಿನ್ ಕಳೆದುಕೊಳ್ಳುವುದಕ್ಕೂ 175 ಕಿಮೀ ಒಬ್ಬನೇ ತುಳಿಯುವುದಕ್ಕೂ ಏನು ಸಂಬಂಧ? ಸುಮ್ನೆ ಏನೇನೋ.

ಲೆಕ್ಕದಮೇಷ್ಟ್ರು:
ಸರಿಯಾಗಿ ಹೇಳಬೇಕೆಂದರೆ 175 ಕೂಡ ಅಲ್ಲ. ಸ್ಟೇಜ್, ಅಂದರೆ ಆ ದಿನದ ಓಟ ಪೂರ್ತಿ, 175. ಮೊದಲು ಎಲ್ಲರ ಜೊತೆ ಸ್ವಲ್ಪ, ಕೊನೆಗೆ 20 ಮೀಟರ್, ಇವನ್ನು ಕಳೆಯಬೇಕು.

ಗಾಳಿಗೆದುರು:
ಮೇಷ್ಟ್ರೇ ನೀವು ಯಾವ ಕಡೆ???

ಲೆಕ್ಕದಮೇಷ್ಟ್ರು:
ಲೆಕ್ಕದ ಕಡೆ.

ಎಶ್‌ಬಾರ್ನ್_ಕನ್ನಡಿಗ:
ಜಗಳ ನೋಡುತ್ತಾ ಇದ್ದೆ, ಇನ್ನು ತಡೆಯಲಾರೆ. ನಾನಿರುವುದು ಫ್ರಾಂಕ್‌ಫರ್ಟ್ ಪಕ್ಕದ ಎಶ್‌ಬಾರ್ನ್‌ನಲ್ಲಿ, ಮಾರ್ಟಿನ್ ಬೆಳೆದ ಊರು. ಅವನ ಮನೆಯವರು 1989ರಲ್ಲಿ ಪೂರ್ವ ಜರ್ಮನಿ ಬಿಟ್ಟು ಹಂಗೇರಿ ದಾಟಿಕೊಂಡು ಈ ಕಡೆ ಬಂದವರು, ಆಗ ಇವನಿಗೆ ನಾಲ್ಕು ವರ್ಷ. ಇಲ್ಲಿಂದ ಪ್ರತಿ ಮೇ 1ರಂದು ಒಂದು ದೊಡ್ಡ ರೇಸ್ ಹೊರಡುತ್ತದೆ, ಆ ದಿನ ತರಕಾರಿಗೆ ಹೋಗಲೂ ದಾರಿ ಇರಲ್ಲ. ನೀವೆಲ್ಲ ಕಾಸೆರೆಸ್‌ನಲ್ಲೇ ಸಿಕ್ಕಿಕೊಂಡಿದ್ದೀರಿ. 2015ರ ಟೂರ್ ಯಾಕೆ ಯಾರೂ ಹೇಳುತ್ತಿಲ್ಲ? ಮೊದಲ ದಿನ ಯುಟ್ರೆಕ್ಟ್‌ನ ಟೈಮ್ ಟ್ರಯಲ್‌ನಲ್ಲಿ ಆಸ್ಟ್ರೇಲಿಯಾದ ಡೆನ್ನಿಸ್‌ಗಿಂತ 5 ಸೆಕೆಂಡ್ ಹಿಂದೆ, ಒಟ್ಟು ಸಮಯದಲ್ಲಿ ಮುಂದಿರುವವನು ಹಾಕಿಕೊಳ್ಳುವ ಹಳದಿ ಜೆರ್ಸಿ ತಪ್ಪಿತು. ಎರಡನೇ ದಿನ ಕ್ಯಾನ್ಸೆಲಾರಾ ಮೂರನೆಯವನಾಗಿ ಬಂದು ಒಟ್ಟು ಸಮಯದಲ್ಲಿ ಕಳೆಯುವ ಬೋನಸ್ ಸೆಕೆಂಡ್ ಎತ್ತಿಕೊಂಡ, ಮಾರ್ಟಿನ್‌ಗೆ 3 ಸೆಕೆಂಡ್‌ನಲ್ಲಿ ತಪ್ಪಿತು. ಮೂರನೇ ದಿನ ಜೆರ್ಸಿ ಬ್ರಿಟನ್ನಿನ ಫ್ರೂಮ್‌ಗೆ ಹೋಯಿತು, 1 ಸೆಕೆಂಡ್‌ನಲ್ಲಿ. ನಾಲ್ಕನೇ ದಿನ ಕಲ್ಲುಹಾಸಿನ ರಸ್ತೆಗಳ ಮೇಲೆ ಕಾಂಬ್ರೆಗೆ ಹೋಗುವಾಗ ಪಂಕ್ಚರ್. ತಂಡದ ಟ್ರೆಂಟಿನ್‌ನ ಸೈಕಲ್ ಈಸಿಕೊಂಡು, ಕೊನೆಯ ಮೂರು ಕಿಮೀ ಚಿಲ್ಲರೆ ಒಂಟಿಯಾಗಿ ಹೋಗಿ ಗೆದ್ದ. ಬೇರೆಯವನ ಸೈಕಲ್ ಮೇಲೆ ಹಳದಿ ಜೆರ್ಸಿ. ಇದಕ್ಕಿಂತ ಏನು ಬೇಕು?

ಸ್ವಿಸ್‌ಗಡಿಯಾರ:
"ಬೋನಸ್ ಎತ್ತಿಕೊಂಡ" ಅಂತ ಕದ್ದವನ ಹಾಗೆ ಬರೆಯಬೇಡಿ ಸಾರ್. ಗೆರೆ ಹತ್ತಿರ ಮುಂದೆ ಬಂದವನಿಗೆ ಬೋನಸ್ ಕೊಡುತ್ತಾರೆ, ನಿಯಮ ಎಲ್ಲರಿಗೂ ಒಂದೇ. ಮೂರನೇ ದಿನ ಕ್ಯಾನ್ಸೆಲಾರಾ ಬಿದ್ದು ಬೆನ್ನುಮೂಳೆಯಲ್ಲಿ ಎರಡು ಕಡೆ ಬಿರುಕು ಬಿಟ್ಟಿತು, ಹಾಗೇ ಹಳದಿ ಜೆರ್ಸಿಯಲ್ಲಿ ಗೆರೆ ಮುಟ್ಟಿದ. ಅದನ್ನು ನೀವು ಬಿಟ್ಟುಬಿಟ್ಟಿರಿ.

ಸುಮ್ನೆ_ಓದೋಳು:
ಮೂಳೆ ಲೆಕ್ಕ ಬೇಡ ಅಂದವರು ಯಾರೋ ಇದ್ದರಲ್ಲ ಮೇಲೆ.

ಎಶ್‌ಬಾರ್ನ್_ಕನ್ನಡಿಗ:
ಬಿಟ್ಟಿಲ್ಲ, ಇನ್ನೂ ಬರೆಯುವುದಿತ್ತು. ಆರನೇ ದಿನ ಲ ಹಾವ್ರ್‌ನಲ್ಲಿ ಮಾರ್ಟಿನ್ ಕೂಡ ಹಳದಿ ಜೆರ್ಸಿಯಲ್ಲೇ ಬಿದ್ದ, ಕಾಲರ್ ಬೋನ್ ಮುರಿಯಿತು. ಗೆಳೆಯರು ಬೆನ್ನಿಗೆ ಕೈಕೊಟ್ಟು ತಳ್ಳಿಕೊಂಡು ಬಂದರು, ಒಂದು ಕೈ ಎದೆಗೆ ಒತ್ತಿಕೊಂಡೇ ಗೆರೆ ದಾಟಿದ. ಒಂದೇ ವಾರದಲ್ಲಿ ಇಬ್ಬರೂ ಆ ಜೆರ್ಸಿ ಹಾಕಿಕೊಂಡೇ ಮನೆಗೆ ಹೋದರು.

ರೆಮ್ಕೊಹುಡುಗ:
ಎಲ್ಲರೂ 2013ರಲ್ಲೇ ಇದ್ದೀರಲ್ಲ. ಬೆಲ್ಜಿಯಂನ ರೆಮ್ಕೊ ಎವನೆಪುಲ್ 2023, 2024, 2025 ಸತತ ಮೂರು ವಿಶ್ವ ಟೈಮ್ ಟ್ರಯಲ್ ಗೆದ್ದ. 2025ರಲ್ಲಿ ಕಿಗಾಲಿಯಲ್ಲಿ ಸ್ಲೊವೇನಿಯಾದ ಪೊಗಾಚಾರ್‌ನನ್ನು ರಸ್ತೆಯಲ್ಲೇ ಹಿಂದಿಕ್ಕಿದ. ಇನ್ನೆರಡು ವರ್ಷ ಬಿಡಿ, ನಿಮ್ಮ ಇಬ್ಬರ ಹೆಸರೂ ಇರಲ್ಲ.

ಸ್ವಿಸ್‌ಗಡಿಯಾರ:
ಬೇರೆ ಥ್ರೆಡ್ ಹಾಕಪ್ಪ. ಎಶ್‌ಬಾರ್ನ್ ಸಾರ್, ಕ್ಯಾನ್ಸೆಲಾರಾ ಟೈಮ್ ಟ್ರಯಲ್ ಮಾತ್ರ ಅಲ್ಲ, ಒಂದೇ ದಿನದ ದೊಡ್ಡ ರೇಸ್‌ಗಳಾದ ಪ್ಯಾರಿಸ್-ರೂಬೆ ಮೂರು, ಫ್ಲಾಂಡರ್ಸ್ ಮೂರು ಗೆದ್ದವನು. ಮಾರ್ಟಿನ್ ಕೊನೆಯ ವರ್ಷಗಳಲ್ಲಿ ಏನು ಮಾಡಿದ? ಯುಂಬೊ ತಂಡದಲ್ಲಿ ಬೆಳಗಿನಿಂದ ಸಂಜೆ ತನಕ ಮುಂದೆ ನಿಂತು ಗಾಳಿ ತಡೆಯುವ ಕೂಲಿ.

ಗಾಳಿಗೆದುರು:
"ಕೂಲಿ"!! ಈ ಪದಕ್ಕೆ ನೀನು ಕ್ಷಮೆ ಕೇಳಬೇಕು.

ಸ್ವಿಸ್‌ಗಡಿಯಾರ:
ಕೂಲಿ ಮಾಡುವುದು ಕೀಳು ಅಂತ ಹೇಳಿದ್ದು ನೀವು, ನಾನಲ್ಲ. ನಮ್ಮಪ್ಪ ಕೂಲಿ ಮಾಡಿಯೇ ನನಗೆ ಮೊದಲ ಸೈಕಲ್ ಕೊಡಿಸಿದ್ದು.

ವಿಜಯಪುರ_ವೆಲೊ:
ಆ ಕೆಲಸ ಎಲ್ಲರ ಕೈಲಿ ಆಗಲ್ರಿ. ಎದುರು ಗಾಳಿಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ತೊಡೆ ಹಗುರ, ಮುಂದೆ ಬಂದು ಹತ್ತು ನಿಮಿಷ ಎಳೆದರೆ ಬಾಯಿ ಒಣಗ್ತದ. ಅವನು ದಿನಗಟ್ಟಲೆ ಎಳೆದಾನ. ಇನ್ನೊಂದು, ದೋಹಾ ಯಾರೂ ಎತ್ತಲಿಲ್ಲ. 2016ರಲ್ಲಿ ಮಾರ್ಟಿನ್ ನಾಲ್ಕನೇ ಸಲ ಗೆದ್ದ ಆ 40 ಕಿಮೀ ಟೈಮ್ ಟ್ರಯಲ್‌ನಲ್ಲೇ ನಮ್ಮ ದೇಶದ ನವೀನ್ ಜಾನ್ ಮತ್ತು ಅರವಿಂದ್ ಪನ್ವಾರ್ ಕೂಡ ತುಳಿದರು. ಅದೇ ರಸ್ತೆ, ಅದೇ ಬಿಸಿಲು. ನನಗೆ ಆ ದಿನ ಮಾರ್ಟಿನ್‌ಗಿಂತ ಇವರ ಹೆಸರು ಪಟ್ಟಿಯಲ್ಲಿ ನೋಡಿದ್ದೇ ಜಾಸ್ತಿ ಖುಷಿ.

ಸ್ವಿಸ್‌ಗಡಿಯಾರ:
ದೋಹಾದಲ್ಲಿ ಕ್ಯಾನ್ಸೆಲಾರಾ ಇರಲೇ ಇಲ್ಲ. ರಿಯೊ ಚಿನ್ನ ಕೊರಳಿಗೆ ಹಾಕಿಕೊಂಡು ಮನೆಯಲ್ಲಿದ್ದ. ಆ ರಿಯೊದಲ್ಲಿ ಮಾರ್ಟಿನ್ ಪದಕದ ಹತ್ತಿರವೂ ಸುಳಿಯಲಿಲ್ಲ.

ಗಾಳಿಗೆದುರು:
"ಇರಲೇ ಇಲ್ಲ" ಅಂದರೆ ಬರಲಿಲ್ಲ ಅಂತ ತಾನೇ? ಬರದವನನ್ನು ಸೋಲಿಸುವುದು ಹೇಗೆ? ಮಾರ್ಟಿನ್ ಬಂದ, ಎರಡನೆಯವನಾದ ಕಿರಿಯೆಂಕಾಗಿಂತ 45 ಸೆಕೆಂಡ್ ಮುಂದೆ ಗೆದ್ದ. ರಿಯೊ ಸಮಯದಲ್ಲಿ ಸೈಕಲ್ ಮೇಲೆ ಕೂರುವ ಭಂಗಿ ಬದಲಾಯಿಸಿಕೊಂಡು ಒದ್ದಾಡುತ್ತಿದ್ದ, ಹಳೆಯ ಭಂಗಿಗೆ ವಾಪಸ್ ಬಂದ, ಗೆದ್ದ. ಮುಂದೆ ಜಾರಬಾರದು ಅಂತ ಸೀಟಿಗೆ ಸ್ಯಾಂಡ್ ಪೇಪರ್ ಅಂಟಿಸಿಕೊಂಡು ತುಳಿಯುತ್ತಿದ್ದ ಮನುಷ್ಯ ಅವನು. ಸ್ಯಾಂಡ್ ಪೇಪರ್! ತೆಳು ಚಡ್ಡಿಯಲ್ಲಿ! ನಿಮ್ಮ ಗಡಿಯಾರದವನು ಮಾಡುತ್ತಿದ್ದನಾ?

ಸುಮ್ನೆ_ಓದೋಳು:
ಈ ವಾದ ಮಾತ್ರ ಯಾರೂ ಗೆಲ್ಲೋದು ಬೇಡ ದಯವಿಟ್ಟು.

ಎಶ್‌ಬಾರ್ನ್_ಕನ್ನಡಿಗ:
ಕೊನೆಯ ವರ್ಷದ್ದೂ ಹೇಳಿಬಿಡುತ್ತೇನೆ. 2021ರ ಟೂರ್, ಮೊದಲ ದಿನ. ರಸ್ತೆ ಬದಿ ಒಬ್ಬಳು ಕ್ಯಾಮೆರಾ ಕಡೆ ತಿರುಗಿ ಬೋರ್ಡ್ ಹಿಡಿದಿದ್ದಳು, "ಅಲೆ ಒಪಿ-ಒಮಿ" ಅಂತ. ಒಪಿ ಒಮಿ ಅಂದರೆ ಇಲ್ಲಿ ಅಜ್ಜ ಅಜ್ಜಿ. ಪೆಲೊಟಾನ್ ಬರುತ್ತಿದ್ದ ಕಡೆ ಅವಳ ಬೆನ್ನು. ಆ ಬೋರ್ಡಿಗೆ ಮೊದಲು ಹೊಡೆದುಕೊಂಡವನು ಮಾರ್ಟಿನ್, ಅವನ ಮೇಲೆ ಅರ್ಧ ಪೆಲೊಟಾನ್ ಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ರೇಸಿಂಗ್ ಬಿಟ್ಟ, ರೇಸ್‌ಗಳಲ್ಲಿ ಸುರಕ್ಷತೆ ಇಲ್ಲ ಅಂತ ಹೇಳಿಯೇ ಬಿಟ್ಟ. ಕೊನೆಯ ರೇಸ್ ವಿಶ್ವ ಚಾಂಪಿಯನ್‌ಶಿಪ್‌ನ ಮಿಶ್ರ ರಿಲೇ, ಅದರಲ್ಲಿ ಜರ್ಮನಿಗೆ ಚಿನ್ನ.

ಸ್ವಿಸ್‌ಗಡಿಯಾರ:
ರಿಲೇಯಲ್ಲಿ ಆರು ಜನ ತುಳಿಯುತ್ತಾರೆ. ಅದನ್ನು ಮಾರ್ಟಿನ್ ಖಾತೆಗೆ ಜಮಾ ಮಾಡಬೇಡಿ.

ಗಾಳಿಗೆದುರು:
ಆರರಲ್ಲಿ ಒಂದು ಭಾಗ ಜಮಾ ಮಾಡುತ್ತೇನೆ. ನಾಲ್ಕೂ ಒಂದನೇ ಆರು. ನಿನ್ನವನಿಗಿಂತ ಜಾಸ್ತಿ ಆಯಿತು.

ಲೆಕ್ಕದಮೇಷ್ಟ್ರು:
ಹಾಗಾದರೆ ಬೀಜಿಂಗ್, ರಿಯೊ ಕೂಡಿಸಿ ಅವನಿಗೆ ಆರು ಆಗುತ್ತೆ.

ಗಾಳಿಗೆದುರು:
ಮೇಷ್ಟ್ರೇ ನಿಮ್ಮ ಜೊತೆ ಮಾತಿಲ್ಲ.

ಹೊಸಬ_ಹಾಸನ:
ಪೂರ್ತಿ ಓದಿದೆ, ಚೆನ್ನಾಗಿತ್ತು. ಒಂದು ಡೌಟ್. ಮಾರ್ಟಿನ್ ಮುಂದೆ 58 ಹಲ್ಲಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ) ಹಾಕುತ್ತಿದ್ದ ಅಂತ ಎಲ್ಲೋ ಓದಿದ್ದೆ. ಬೆಂಗಳೂರಲ್ಲಿ ಅದು ಎಲ್ಲಿ ಸಿಗುತ್ತೆ?

ವಿಜಯಪುರ_ವೆಲೊ:
ತಮ್ಮಾ, ಈಗ ನಿನ್ನ ಸೈಕಲ್‌ದಾಗ ಎಷ್ಟು ಹಲ್ಲು ಅದಾವ?

ಹೊಸಬ_ಹಾಸನ:
50 ಅಣ್ಣ. ಸಕಲೇಶಪುರದ ಕಡೆ ಹೋದರೆ 34ಕ್ಕೆ ಇಳಿಸ್ತೀನಿ.

ವಿಜಯಪುರ_ವೆಲೊ:
ಹಂಗಾದರೆ ಮೊದಲು ಮೊಣಕಾಲು ಎಲ್ಲಿ ಸಿಗ್ತಾವ ಅಂತ ಕೇಳ್ಕೊಂಡು ಬಾ.