‘ಘೋಸ್ಟ್ ಟೌನ್’: ಹಾಳೂರು, ಪಾಳೂರು, ಬೇಚರಾಕ್?

ಎಲ್ಲರಿಗೂ ನಮಸ್ಕಾರ.

ಜುಲೈಯಲ್ಲಿ ಅಮೆರಿಕದ ಕೊಲರಾಡೋದಲ್ಲಿ, ಸ್ಯಾನ್ ವಾನ್ ಬೆಟ್ಟಗಳ ಮೇಲಿರುವ ಅನಿಮಸ್ ಫೋರ್ಕ್ಸ್ ನೋಡಿ ಬಂದೆವು. ಬೆಳ್ಳಿ ಗಣಿಯಿಂದ 1870ರ ದಶಕದಲ್ಲಿ ಹುಟ್ಟಿದ ಊರು. ಈಗ ಅಲ್ಲಿ ಯಾರೂ ವಾಸವಿಲ್ಲ. ಅಮ್ಮನಿಗೆ ಕಳಿಸುವ ಫೋಟೋದ ಕೆಳಗೆ ಎರಡು ಸಾಲು ಬರೆಯೋಣ ಅಂತ ಕೂತವಳು, ಜನ ಬಿಟ್ಟುಹೋದ ಇಂಥ ಊರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಘೋಸ್ಟ್ ಟೌನ್’ಗೆ ಕನ್ನಡದಲ್ಲಿ ಏನನ್ನೋದು ಅಂತ ನಿಂತುಬಿಟ್ಟೆ.

‘ದೆವ್ವದ ಊರು’, ‘ಭೂತನಗರಿ’ ನನಗೆ ಒಪ್ಪಿಗೆಯಿಲ್ಲ. ಓದಿದವರು ದೆವ್ವದ ಕತೆಗೆ ಕಾಯುತ್ತಾರೆ. ಕರಾವಳಿಯವರಿಗಂತೂ ಭೂತ ಅಂದರೆ ಕೋಲ ಕಟ್ಟಿ ನಂಬುವ ದೈವ. ‘ಹಾಳೂರು’ ನಮ್ಮದೇ ಪದ, ‘ಹಾಳೂರಿಗೆ ಉಳಿದವನೇ ಗೌಡ’ ಅನ್ನೋ ಗಾದೆಯೂ ಇದೆ. ಆದರೆ ಹಾಳು ಅಂದ ಕೂಡಲೇ ಶಾಪದ ದನಿ ಕೇಳುತ್ತೆ. ಅದೇ ಹಳಗನ್ನಡದ ‘ಪಾೞ್’ನಿಂದ ಬಂದ ‘ಪಾಳು’ ಸ್ವಲ್ಪ ಮೆತ್ತಗಿದೆ: ಪಾಳುಬಾವಿ, ಪಾಳುಮಂಟಪ. ಆದರೂ ಕಣ್ಣ ಮುಂದೆ ಬರೋದು ಕುಸಿದ ಗೋಡೆ, ಮುಳ್ಳುಕಂಟಿ.

ನಾನು ಕಂಡದ್ದು ಹಾಗಿರಲಿಲ್ಲ. ಸುಮಾರು 11,200 ಅಡಿ ಎತ್ತರದ ಜಾಗ. 1879ರಲ್ಲಿ ಕಟ್ಟಿದ ಡಂಕನ್ ಮನೆ ಇನ್ನೂ ನೆಟ್ಟಗೆ ನಿಂತಿದೆ. ಮುಂಭಾಗದಲ್ಲಿ ಹೊರಕ್ಕೆ ಚಾಚಿದ ಮೂರು ಮುಖದ ಕಿಟಕಿ. ಒಳಗೆ ಹೋಗಿ ಅಲ್ಲೇ ತುಂಬಾ ಹೊತ್ತು ನಿಂತೆ. ಹಲಗೆಗಳು ಬಿಸಿಲು ಹಿಮಕ್ಕೆ ಬೂದಿ ಬಣ್ಣಕ್ಕೆ ತಿರುಗಿವೆ. ಎದುರು ಬೆಟ್ಟದ ಸಂದಿಯಲ್ಲಿ ಜುಲೈಯಲ್ಲೂ ಹಿಮದ ಪಟ್ಟಿ. ಯಾರೋ ಹೆಣ್ಣುಮಗಳು ಇಲ್ಲೇ ನಿಂತು ದಾರಿ ನೋಡಿರಬೇಕು ಅನ್ನಿಸಿತು.

1883ರಲ್ಲಿ ಇಲ್ಲಿ 450 ಜನ ಇದ್ದರಂತೆ. ಚಳಿಗಾಲಕ್ಕೆ ಹೆಚ್ಚಿನವರು ಕೆಳಗಿನ ಸಿಲ್ವರ್ಟನ್ ಪಟ್ಟಣಕ್ಕೆ ಇಳಿಯುತ್ತಿದ್ದರು. 1884ರಲ್ಲಿ 23 ದಿನ ಹಿಮಗಾಳಿ ಬೀಸಿದಾಗ ಮೇಲೆ ಉಳಿದವರು ಮನೆಯಿಂದ ಮನೆಗೆ ಹಿಮದಲ್ಲೇ ಸುರಂಗ ಕೊರೆದರು. 1893ರಲ್ಲಿ ಅಮೆರಿಕ ಸರ್ಕಾರ ಬೆಳ್ಳಿ ಕೊಳ್ಳುವ ಕಾಯ್ದೆಯನ್ನೇ ರದ್ದು ಮಾಡಿತು, ಬೆಳ್ಳಿ ಬೆಲೆ ಬಿತ್ತು. 1904ರಲ್ಲಿ ಅದಿರು ಅರೆಯುವ ದೊಡ್ಡ ಮಿಲ್ ಎದ್ದರೂ 1910ಕ್ಕೇ ನಿಂತಿತು. 1920ರ ದಶಕದ ಹೊತ್ತಿಗೆ ಊರು ಖಾಲಿ. ಊರು ಹಾಳಾಗಿ ಜನ ಹೋದದ್ದಲ್ಲ, ಜನ ಹೋಗಿ ಊರು ಉಳಿದದ್ದು. ಈ ವ್ಯತ್ಯಾಸ ಪದದಲ್ಲಿ ಬರಬೇಕು ಅನ್ನೋದು ನನ್ನ ಆಸೆ.

ಆಗ ನೆನಪಾದದ್ದು ನಮ್ಮ ಕಂದಾಯ ದಾಖಲೆಗಳ ‘ಬೇಚರಾಕ್ ಗ್ರಾಮ’. ಜನವಸತಿ ಇಲ್ಲ, ಆದರೆ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇದೆ. ಮೂಲ ಪಾರಸಿ: ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ‘ಆ ಮನೇಲಿ ದೀಪ ಹಚ್ಚೋರಿಲ್ಲ’ ಅಂತ ನಾವೂ ಹೇಳ್ತೀವಿ, ಅಲ್ವಾ? ಅರ್ಥ ಹೇಳಿ ಮಾಡಿಸಿದ ಹಾಗಿದೆ. ಆದರೆ ಕಿವಿಗೆ ತಾಲ್ಲೂಕು ಕಚೇರಿ ಕೇಳಿಸುತ್ತೆ. ‘ದೀಪವಿಲ್ಲದ ಊರು’ ಅಂತಲೇ ಬರೆದು ಕಳಿಸಿದೆ. ಅಮ್ಮ ಫೋನ್ ಮಾಡಿ, ‘ಅಷ್ಟು ದೊಡ್ಡ ದೇಶದಲ್ಲೂ ಕರೆಂಟ್ ಬಂದಿಲ್ವೇನೇ?’ ಅಂದರು.

ನಿಮ್ಮ ಕಡೆ ‘ಬೇಚರಾಕ್’ ಕಚೇರಿಯ ಹೊರಗೆ, ಮಾತಿನಲ್ಲಿ ಬಳಕೆಯಲ್ಲಿದೆಯೇ? ‘ಬಿಟ್ಟೂರು’ ಅಂದರೆ ಅರ್ಥವಾಗುತ್ತದೆಯೇ? ಮುಳುಗಡೆಗೆ ಮೊದಲೇ ಜನ ಎದ್ದುಹೋದ ಊರುಗಳಿಗೆ ಶರಾವತಿ ಕಡೆಯ ಹಿರಿಯರು ಏನಾದರೂ ಪದ ಹೇಳುತ್ತಿದ್ದರೆ ದಯವಿಟ್ಟು ಬರೆಯಿರಿ.