ಹೀಟ್ ಆಗೋದು, ಕುದಿಯೋದು, ನೀರು ಕುಡಿಯೋದು: ಮೂರೂ ಒಂದೇನಾ?

ಪ್ರಶ್ನೆ: ಹಳೇ ಕಾರುಗಳ ರಿಪೇರಿ ಕೈಪಿಡಿಯಲ್ಲಿ ‘ಓವರ್‌ಹೀಟ್’ಗೆ ‘ಅತಿತಾಪ’ ಅಂತ ಹಾಕಬಹುದೇ? ರಾಯಚೂರು, ಕೊಪ್ಪಳ, ಬಳ್ಳಾರಿ ಗ್ಯಾರೇಜುಗಳಲ್ಲಿ ‘ಹೀಟ್ ಆಗ್ತದ’, ‘ಕುದಿಯಾಕತ್ತೈತಿ’, ‘ನೀರು ಕುಡೀತೈತೆ’ ಎಂದೆಲ್ಲ ಕೇಳಿಸುತ್ತದೆ. ಅರ್ಥ ಒಂದೆಯೋ, ಬೇರೆಬೇರೆಯೋ?

ಉತ್ತರ: ಬೇರೆಬೇರೆ, ಸರ್. ಅದ, ಐತಿ, ಐತೆ ಅನ್ನೋದು ಊರಿನ ಫರಕು. ಆಗು, ಕುದಿ, ಕುಡಿ ಅನ್ನೋದು ರೋಗದ ಫರಕು. ‘ಅತಿತಾಪ’ ಬೇಡ, ಜ್ವರದ ಮಾತ್ರೆಯ ಚೀಟಿಯ ಹಾಗೆ ಕೇಳಿಸುತ್ತದೆ. ತಲೆಬರಹಕ್ಕೆ ‘ಎಂಜಿನ್ ಹೀಟ್ ಆಗುವುದು’ ಸಾಕು.

‘ಬಿಸಿ ಆಗು’ ಅನ್ನೋದು ದೂರು ಅಲ್ಲ. ಎಂಜಿನ್ ನೀರು 85ರಿಂದ 95 ಡಿಗ್ರಿಯಲ್ಲಿ ಇರಬೇಕಾದದ್ದೇ. ‘ಹೀಟ್’ ಅಂದರೆ ಡ್ಯಾಶ್‌ಬೋರ್ಡಿನ ತಾಪದ ಮೀಟರಿನ ಮುಳ್ಳು ನಡುಗೆರೆ ದಾಟಿ ಏರಿದೆ ಅಂತ. ಆಗ ಮೊದಲು ಕೇಳಬೇಕಾದ್ದು: ನಿಂತಾಗೋ, ಓಡುವಾಗೋ? ನಿಂತಾಗ ಮಾತ್ರ ಆದರೆ ಗಾಳಿ ಸಾಲುತ್ತಿಲ್ಲ. ಅಂಬಾಸಿಡರ್‌ನಂಥ ಗಾಡಿಯಲ್ಲಿ ಫ್ಯಾನ್ ಬೆಲ್ಟ್ ಸಡಿಲವೇ ನೋಡಿ. ಮಾರುತಿ 800ರಂಥದ್ದರಲ್ಲಿ ಫ್ಯಾನ್ ಸ್ವಿಚ್ಚಿನ ಎರಡು ವೈರ್ ಜೋಡಿಸಿ ನೋಡಿ: ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಫ್ಯೂಸ್, ರಿಲೇ ಇಲ್ಲವೇ ಮೋಟಾರ್. ಹೈವೇಯಲ್ಲಿ ಓಡುವಾಗ ಏರಿದರೆ ನೀರು ಸರಿಯಾಗಿ ಹರಿಯುತ್ತಿಲ್ಲ: ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿಗೆ ದಾರಿ ಬಿಡುವ ವಾಲ್ವ್) ಪೂರ್ತಿ ತೆರೆಯುತ್ತಿಲ್ಲ ಅಥವಾ ರೇಡಿಯೇಟರ್ (ನೀರು ತಣಿಸುವ ಜಾಲರಿ) ಕಟ್ಟಿದೆ.

ಈ ‘ಕಟ್ಟು’ ಪದದಲ್ಲೇ ಒಂದು ತಪ್ಪು ಬೇರೂರಿದೆ. ಬೋರಿನ ಸವಳು ನೀರು ಹಾಕಿ ಹಾಕಿ ‘ಉಪ್ಪು ಕಟ್ಟಿದೆ’ ಅನ್ನುತ್ತಾರೆ. ಸಿಂಧನೂರು, ಗಂಗಾವತಿ ಕಡೆ ಗದ್ದೆಗೆ ಬರುವ ಸವಳಿನ ಪದವೇ ಇಲ್ಲಿಗೂ ಬಂದಿದೆ. ಆದರೆ ಟ್ಯೂಬಿನೊಳಗೆ ಕೂತಿರುವುದು ಬಹುಪಾಲು ಸುಣ್ಣ. ಉಪ್ಪಾಗಿದ್ದರೆ ನೀರು ಬಿಟ್ಟು ತೊಳೆದರೆ ಕರಗಿ ಹೋಗುತ್ತಿತ್ತು, ಸುಣ್ಣ ಬಿಸಿಯಾದಷ್ಟೂ ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ. ಅದಕ್ಕೆ ಡಿಸ್ಕೇಲರ್ (ಸುಣ್ಣ ಕರಗಿಸುವ ದ್ರಾವಣ) ಬೇಕು, ಇಲ್ಲವೇ ರೇಡಿಯೇಟರ್ ಬಿಚ್ಚಿ ಟ್ಯೂಬಿನೊಳಗೆ ರಾಡ್ ಹೊಡೆಸಬೇಕು. ಕೈಪಿಡಿಯಲ್ಲಿ ‘ಸುಣ್ಣ ಕಟ್ಟಿದೆ’ ಎಂದೇ ಬರೆಯಿರಿ. ಆಮೇಲೆ ತುಂಬುವುದು ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ.

‘ಕುದಿ’ ಬಂದರೆ ಮೊದಲ ಅನುಮಾನ ರೇಡಿಯೇಟರಿನ ಕ್ಯಾಪಿನ (ಮುಚ್ಚಳದ) ಮೇಲೆ. ಬಾಯಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ (ಒತ್ತಡದ ಅಳತೆ) ಕ್ಯಾಪ್ ಒತ್ತಿ ಹಿಡಿದರೆ 118ರ ಹತ್ತಿರ ಬರುವ ತನಕ ಕುದಿಯದು. ಅಡುಗೆಮನೆಯ ಕುಕ್ಕರಿನ ಲೆಕ್ಕವೇ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಒತ್ತಡ ಸೋರಿದರೆ, ಮುಳ್ಳು ಕೆಂಪಿಗೆ ಹೋಗದೆಯೂ ಗುಳುಗುಳು ಕೇಳಿಸುತ್ತದೆ. ಕ್ಯಾಪಿನೊಳಗಿನ ಚಿಕ್ಕ ವಾಲ್ವ್ ಅಂಟಿಕೊಂಡರೆ ಬೇರೆ ಗುರುತು: ಎಂಜಿನ್ ಆರಿದ ಮೇಲೆ ಮೇಲಿನ ಪೈಪ್ ಚಪ್ಪಟೆಯಾಗಿರುತ್ತದೆ.

‘ನೀರು ಕುಡಿ’ ಹೇಳುವ ಮುಂಚೆ ‘ಸೋರು’ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಕ್ಲಾಂಪುಗಳು, ಹೀಟರ್ ಇದ್ದರೆ ಕಾಲಡಿಯ ಮ್ಯಾಟ್, ಎಲ್ಲ ಒಣಗಿದ್ದೂ ನೀರು ಕಮ್ಮಿಯಾದರೆ ಆಗ ಅದು ಕುಡಿಯುವುದು, ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲು) ಹೋಗಿದೆ. ತಣ್ಣಗಿರುವ ಎಂಜಿನ್‌ನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರ್ ಬಿಳಿ ಹೊಗೆ ಬಿಟ್ಟರೆ, ಡಿಪ್‌ಸ್ಟಿಕ್ಕಿನಲ್ಲಿ ‘ಆಯಿಲ್ ಹಾಲಾಗಿದ್ದರೆ’, ಅಂದರೆ ನೀರು ಬೆರೆತು ಹಾಲಿನಂತೆ ಬೆಳ್ಳಗಾಗಿದ್ದರೆ, ಅನುಮಾನವೇ ಬೇಡ.

‘ಹಿಡಿ’ ಎಚ್ಚರದಿಂದ ಬಳಸಿ. ‘ಏರ್ ಹಿಡಿದದ’ ಅಂದರೆ ನೀರು ತುಂಬುವಾಗ ಗಾಳಿ ಸಿಕ್ಕಿಕೊಂಡಿದೆ, ಗಾಳಿ ತೆಗೆದರೆ ಆಯಿತು. ‘ಎಂಜಿನ್ ಹಿಡಿದದ’ ಅಂದರೆ ಪಿಸ್ಟನ್ ಸೀಜ್ (ಸಿಲಿಂಡರಿನೊಳಗೇ ಸಿಕ್ಕಿಕೊಂಡಿದೆ), ಬೋರಿಂಗ್ (ಸಿಲಿಂಡರ್ ಕೊರೆಸುವುದು) ತನಕ ಖರ್ಚು.

ಇನ್ನೊಂದು, ‘ತಣ್ಣಗಾಯ್ತು’. ಕೆಂಪಿನಲ್ಲಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಹಾಗಂದುಕೊಂಡು ಗಾಡಿ ಓಡಿಸುತ್ತಾರೆ. ನೀರೆಲ್ಲ ಹೋಗಿ ಸೆನ್ಸರ್ ಒಣಗಿರುತ್ತದೆ, ಅದಕ್ಕೇ ಬೀಳುವುದು. ಇದಕ್ಕೆ ‘ಮುಳ್ಳು ಬಿತ್ತು’ ಅಂತಲೇ ಬರೆದು, ಕೆಳಗೆ ಸೇರಿಸಿ: ಕೂಡಲೇ ಆಫ್ ಮಾಡಿ, ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ, ಕಾದ ಎಂಜಿನ್‌ಗೆ ತಣ್ಣೀರು ಹೊಯ್ಯಬೇಡಿ, 800ರ ಹೆಡ್ ಅಲ್ಯೂಮಿನಿಯಂ, ಬಾಗುತ್ತದೆ.